ನಾಲ್ಕನೆಯ ಪಟ್ಟೆ

ಜರಿಮರಿ ಅಂದರೆ ನಮ್ಮ ಕಡೆಯವರು ನಗುತ್ತಾರೆ,
ಜರಿಯ ಮರಿಯೇ, ಅದಕ್ಕೆಷ್ಟು ಕಾಲು ಎಂದು.
ಇಲ್ಲಿ ಅದು ದೇವಿಯ ಹೆಸರು. ಕುರ್ಲಾ ಅಂಧೇರಿ ರಸ್ತೆ,
ತಗಡಿನ ಮೇಲೆಯೇ ವಿಮಾನದ ಹೊಟ್ಟೆ.
ನನ್ನ ಅಂಗಡಿ ಆರಡಿಗೆ ಎಂಟು,
ಒಂದು ಮಷೀನು, ಒಂದು ಸ್ಟೂಲು,
ಎರಡು ನಿಮಿಷಕ್ಕೊಮ್ಮೆ ಮಾತು ಕತ್ತರಿಸುವ ಸದ್ದು.
ಮಾತು ನಿಂತಾಗ ಸೂಜಿಗೆ ದಾರ ಪೋಣಿಸುತ್ತೇನೆ.
ಇಪ್ಪತ್ತಾರು ವರ್ಷವಾಯಿತು. ಒಮ್ಮೆಯೂ ಹತ್ತಿಲ್ಲ.

ಹುತೋಕ್ಷಿ ಮೊಗ್ರೇಲಿಯಾ ಬಂದದ್ದು ಮಾರ್ಚಿನಲ್ಲಿ,
ಕಾಗದದಲ್ಲಿ ಸುತ್ತಿದ ಜರಿ ಪಟ್ಟೆ ಹಿಡಿದು.
ಹೆಗಲ ಮೇಲೆ ಮೂರಿತ್ತು, ನಾಲ್ಕಾಗಬೇಕು.
ಹೊಸ ಜೋಡಿಯೇ ಕೊಡುತ್ತಾರಲ್ಲ ಕಂಪನಿಯವರು?
"ಕೊಟ್ಟಿದ್ದಾರೆ. ನನಗೆ ಹಳೆಯದರ ಮೇಲೇ ಬೇಕು."
ಬೆವರು ಕುಡಿದು ಕಂದಿದ ಮೂರರ ಪಕ್ಕ
ಹೊಸದು ಕಣ್ಣಿಗೆ ಹೊಡೆಯುತ್ತದೆ ಎಂದೆ.
ಹೊಡೆಯಲಿ ಎಂದಳು.

ಕೇಳಿಯೇಬಿಟ್ಟೆ, ಮೂರಕ್ಕೂ ನಾಲ್ಕಕ್ಕೂ ಏನು ಫರಕು?
ಸ್ಟೂಲಿನ ಮೇಲೆ ಕೂತು ಯೋಚಿಸಿದಳು.
ಒಂದು ವಿಮಾನ ಹೋಯಿತು, ಇನ್ನೊಂದು ಹೋಯಿತು.
"ಹಾರಿಸುವುದು ಅದೇ. ಒಂದು ಸರತಿ ಅವರು, ಒಂದು ಸರತಿ ನಾನು.
ಇಷ್ಟು ವರ್ಷ ಬಲಗಡೆ ಕೂತೆ.
ಏನಾದರೂ ಆದರೆ ಎಡಕ್ಕೆ ನೋಡುತ್ತಿದ್ದೆ,
ಅಲ್ಲೊಂದು ಮುಖ ಇರುತ್ತಿತ್ತು.
ನಾಳೆಯಿಂದ ನಾನೇ ಎಡಗಡೆ.
ಎಡಕ್ಕೆ ನೋಡಿದರೆ ಕಿಟಕಿ."

ಅರ್ಧ ಇಂಚಿನ ಪಟ್ಟೆ, ಹತ್ತು ನಿಮಿಷದ ಕೆಲಸ.
ಅವತ್ತು ಇಪ್ಪತ್ತು ಹಿಡಿಯಿತು.
ದುಡ್ಡು ನಲವತ್ತೇ ತಗೊಂಡೆ.

ಜುಲೈ ಬಂತು, ಮಿಠಿ ನದಿ ರಸ್ತೆಗೇ ಬಂತು.
ಆ ರಾತ್ರಿ ನೀರು ಮಷೀನಿನ ಪೆಡಲು ಮುಟ್ಟಿತ್ತು,
ಗಿರಾಕಿಗಳ ಬಟ್ಟೆಗಂಟು ಅಟ್ಟಕ್ಕೇರಿಸುತ್ತಿದ್ದೆ.
ಒಂದು ಇಳಿಯಲು ಬಂತು. ಅದರ ದೀಪ
ಮಳೆಯೊಳಗೆ ಹಾಲು ಚೆಲ್ಲಿದ ಹಾಗೆ.
ತಗಡು ನಡುಗಿತು, ಇನ್ನೇನು ನೆಲ ಎನ್ನುವಾಗ
ಸದ್ದು ಬದಲಾಯಿತು.
ಇಳಿಯುವ ಸದ್ದು ನನಗೆ ಗೊತ್ತು, ಉಸಿರು ಬಿಡುವ ಸದ್ದು.
ಇದು ಎಳೆದುಕೊಂಡಿತು,
ಮೂಗೆತ್ತಿ ಮತ್ತೆ ಮೋಡ ಹೊಕ್ಕಿತು.
ಪಕ್ಕದ ಇಸ್ತ್ರಿಯ ರಾಮ್‌ಸಜೀವನ್
ಮೊಣಕಾಲು ನೀರಲ್ಲಿ ನಿಂತು, "ಹೆದರಿದ" ಎಂದ.

ಬಟ್ಟೆಗೆ ಕತ್ತರಿ ಇಟ್ಟ ಮೇಲೆ ನನಗೆ ಹಿಂದಿರುಗುವ ದಾರಿಯಿಲ್ಲ.
ಇರುವವರು ಅದನ್ನು ಹಿಡಿಯಲು
ಎಷ್ಟು ಎದೆ ಬೇಕೋ, ರಾಮ್‌ಸಜೀವನ್‌ಗೆ ಹೇಗೆ ಹೇಳಲಿ.

ಅದು ಅವಳದೇ ವಿಮಾನ ಎನ್ನಲಾರೆ.
ಆ ವಾರ ಬಂದಳು, ಅಂಗಿಯ ಕಿಸೆ ಹರಿದಿತ್ತು.
ಅಹಮದಾಬಾದಿಗೆ ಒಯ್ದು ಇಳಿಸಿದಳಂತೆ.
ಒಬ್ಬನ ತಂದೆ ಇಲ್ಲಿ ಸಯನ್ ಆಸ್ಪತ್ರೆಯಲ್ಲಿ ಕೊನೆಯುಸಿರಲ್ಲಿ.
ಬಾಗಿಲಲ್ಲಿ ನಿಂತು ಎಲ್ಲರ ಕ್ಷಮೆ ಕೇಳುತ್ತಿದ್ದಾಗ
ಕಿಸೆ ಹಿಡಿದು ಜಗ್ಗಿದನಂತೆ.
"ಜಗ್ಗಲು ಯಾರಾದರೂ ಬೇಕಲ್ಲ. ಅದಕ್ಕೂ ನಾನೇ."
ತಂದೆ ಏನಾದರು?
"ಗೊತ್ತಿಲ್ಲ. ಅದನ್ನು ಬರೆಯಲು ಲಾಗ್ ಬುಕ್ಕಿನಲ್ಲಿ ಕಾಲಂ ಇಲ್ಲ."

ಗುಂಡಿ ಡಬ್ಬ ಹುಡುಕುತ್ತಿದ್ದೆ. ಕೇಳದೆಯೇ ಹೇಳಿದಳು,
"ಮೇಲೆ ಸುತ್ತುವಾಗ ಕೆಳಗಿನವರು ಕೇಳಿದರು,
ಎಷ್ಟು ಎಣ್ಣೆ, ಎಷ್ಟು ಜೀವ.
ನೂರ ಎಪ್ಪತ್ತಮೂರು ಅಂದೆ.
ಆಮೇಲೆ ಅನುಮಾನ, ನನ್ನನ್ನು ಸೇರಿಸಿದೆನೋ ಇಲ್ಲವೋ.
ಮತ್ತೆ ಎಣಿಸಿದೆ. ಸೇರಿಸಿದ್ದೆ."

ಕಿಸೆ ಹೊಲಿದೆ. ಒಳಗಿನಿಂದ ಇನ್ನೊಂದು ಪದರ ಕೊಟ್ಟು ಹೊಲಿದೆ,
ಮುಂದಿನವನು ಜಗ್ಗಿದರೂ ಬರಬಾರದೆಂದು.
ಹೆಗಲ ಜರಿ ಮಳೆಗೆ ಸ್ವಲ್ಪ ಮಂಕಾಗಿತ್ತು,
ನಾಲ್ಕನೆಯದೂ.

ಮೇಲೊಂದು ಹೋಯಿತು. ಇಬ್ಬರೂ ಸುಮ್ಮನಾದೆವು.
ತಲೆಯೆತ್ತದೆ, "ಕೊಚ್ಚಿಯದು, ತಡವಾಗಿದೆ" ಎಂದಳು.
ನಾನು ದಾರ ಪೋಣಿಸಿದೆ.